ನಿರುತ್ತು ಸಾರ್

ಅವರು ತೀರಿಹೋದ ಸುದ್ದಿ ನನಗೆ ತಿಳಿದದ್ದು ತಿಥಿಯೂ ಮುಗಿದ ಮೇಲೆ. ಚಾಮರಾಜನಗರದ ಬಸ್ ನಿಲ್ದಾಣದಲ್ಲಿ ನಮ್ಮ ಫ್ಯಾಕ್ಟರಿಯ ಹಳೆಯ ಎಲೆಕ್ಟ್ರಿಷಿಯನ್ ಸಿಕ್ಕಿದ್ದ. ಮನೆ ಮಕ್ಕಳು ಎಲ್ಲ ವಿಚಾರಿಸಿ, ಉಮ್ಮತ್ತೂರಿನ ಬಸ್ಸು ಹೊರಟಿತೆಂದು ಓಡಿದವನು ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿ, "ನಿರುತ್ತು ಸಾರ್ ಓಗ್ಬುಟ್ರಂತೆ, ಗೊತ್ತಾಯ್ತಾ?" ಎಂದ. ಯಾವಾಗ, ಏನಾಗಿತ್ತು ಎಂದು ಕೇಳುವಷ್ಟರಲ್ಲಿ ಬಸ್ಸು ತಿರುವು ದಾಟಿತ್ತು.

ಅವರ ನಿಜವಾದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಬೇಡವೆಂದು ಅವರ ಮಗಳು ಕೇಳಿಕೊಂಡಿದ್ದಾಳೆ. ಬರೆದರೂ ಗುಂಡ್ಲುಪೇಟೆಯಲ್ಲಿ ಹೆಚ್ಚು ಜನಕ್ಕೆ ಗುರುತು ಹತ್ತಲಾರದು. ಅವರ ಊರು ಪುಣಜನೂರಿನ ಕಡೆ. ಡಿಪ್ಲೊಮಾ ಮುಗಿಸಿ ಕೊಯಮತ್ತೂರಿಗೆ ಹೋದವರು ಅಲ್ಲಿನ ಪಂಪು, ಮೋಟರು ತಯಾರಿಸುವ ಕಾರ್ಖಾನೆಗಳಲ್ಲಿ ದುಡಿದು ತಲೆ ನರೆಸಿಕೊಂಡು ವಾಪಸಾಗಿದ್ದರು. ಮಾತೆಲ್ಲ ನಮ್ಮ ಕಡೆಯದೇ. ಗಾಬರಿಯಾದಾಗ ಮಾತ್ರ ತಮಿಳು ಬಾಯಿಗೆ ಬರುತ್ತಿತ್ತು. 'ನಿಲ್ಲಿಸು' ಎನ್ನುವ ಕಡೆ "ನಿರುತ್ತು!" ಎಂದು ಕೂಗುತ್ತಿದ್ದರು. ಆ ಕೂಗು ಬಿದ್ದರೆ ಸಾಕು, ಯಾವ ಮೂಲೆಯಲ್ಲಿದ್ದವರೂ ಮೊದಲು ಸ್ವಿಚ್ ಆರಿಸಿ, ಏನಾಯಿತೆಂದು ಆಮೇಲೆ ನೋಡುತ್ತಿದ್ದರು. ಹಾಗೆ ಅಂಟಿಕೊಂಡ ಹೆಸರು ಅದು.

ನಮ್ಮದು ಗುಂಡ್ಲುಪೇಟೆಯ ಹೊರವಲಯದ ಫ್ಯಾಕ್ಟರಿ. ಅರಿಸಿನವನ್ನು ಬೇಯಿಸಿ ಒಣಗಿಸಿ ಪಾಲಿಶ್ ಮಾಡುವುದು, ಕಾಲ ಬಂದಾಗ ಚೆಂಡುಹೂವನ್ನು ಹಿಂಡಿ ಒಣಗಿಸುವುದು ಅಲ್ಲಿನ ಕೆಲಸ. ನಾನು ಟೈಮ್ ಆಫೀಸಿನಲ್ಲಿದ್ದೆ. ಹಾಜರಿ ಹಾಕುವುದು, ಗೇಟ್ ಪಾಸ್ ಕೊಡುವುದು, ಯಾರಿಗಾದರೂ ಪೆಟ್ಟಾದರೆ ಹತ್ತಿ ಟಿಂಚರು ಹಚ್ಚುವುದು, ಎಲ್ಲವೂ ನನ್ನದೇ. ಚಾಮರಾಜನಗರ ಜಿಲ್ಲೆಯಾಗಿ ಕೆಲವು ವರ್ಷಗಳಾಗಿದ್ದವು. ಮಾಲೀಕರಿಗೆ ಅಲ್ಲೊಂದು ಗ್ರಾನೈಟ್ ಪಾಲಿಶ್ ಮಾಡುವ ಫ್ಯಾಕ್ಟರಿಯೂ ಇತ್ತು. ಪರದೇಶದಿಂದ ಮಾಲು ಕೊಳ್ಳುವವರು, ನಿಮ್ಮ ಯಂತ್ರಗಳನ್ನು ಬಲ್ಲವರಿಂದ ಪರಿಶೀಲನೆ ಮಾಡಿಸಿದ್ದೀರಾ, ಕೆಲಸಗಾರರಿಗೆ ಅಪಾಯವಿಲ್ಲವೇ ಎಂದು ಕೇಳತೊಡಗಿದ್ದರು. ಅದಕ್ಕಾಗಿ ಇವರನ್ನು ನೇಮಿಸಿಕೊಂಡರು. ಮಾಲೀಕರಿಗೆ ಬೇಕಾಗಿದ್ದದ್ದು ಒಂದು ಸಹಿ. ಬಂದವರು ಅದನ್ನು ನಿಜವಾದ ಕೆಲಸವೆಂದೇ ತಿಳಿದುಬಿಟ್ಟರು.

ಮೊದಲ ದಿನ ಸೂಪರ್‌ವೈಸರ್ ಅವರನ್ನು ಅರಿಸಿನ ಪಾಲಿಶ್ ಮಾಡುವ ದೊಡ್ಡ ಡ್ರಮ್ಮಿನ ಬಳಿ ಕರೆದೊಯ್ದು, "ನೋಡಿ ಸಾ, ಎಂಗ್ ತಿರುಗ್ತದೆ!" ಎಂದು ಹೆಮ್ಮೆಯಿಂದ ತೋರಿಸಿದ.

"ತಿರುಗೋದು ಗೊತ್ತು ಕಣಪ್ಪ. ನಿಲ್ಲೋದ ತೋರ್ಸು" ಎಂದರು ಇವರು.

ಸ್ವಿಚ್ ಆರಿಸಿದರು. ಡ್ರಮ್ಮು ತನ್ನ ಭಾರಕ್ಕೆ ತಾನೇ ತಿರುಗುತ್ತಲೇ ಇತ್ತು. ಎಲ್ಲರೂ ನೋಡುತ್ತ ನಿಂತಿದ್ದೆವು. ಅದು ಒಂದು ಸಲ ನರಳಿದಂತೆ ಸದ್ದು ಮಾಡಿ ನಿಂತ ಮೇಲೆ ಅವರು ಸುತ್ತಲೂ ನೋಡಿ ಕೇಳಿದರು: "ಇದು ನಿಲ್ಲೋದ್ರೊಳಗೆ ಒಬ್ಬ ಮನುಷ್ಯ ಏಸು ಸತಿ 'ಅವ್ವಾ' ಅಂತ ಕೂಗ್ಬೋದು, ಏಳಿ."

ಆ ತಿಂಗಳೊಳಗೆ ಡ್ರಮ್ಮಿಗೆ ಬ್ರೇಕು ಬಂತು.

ಅವರು ತುಂಬುತೋಳಿನ ಅಂಗಿ ಹಾಕಿದ್ದನ್ನು ನಾನು ಕಾಣೆ. ಉಂಗುರ, ವಾಚು, ಕೊರಳಲ್ಲಿ ಟವಲು, ಯಾವುದೂ ಇರುತ್ತಿರಲಿಲ್ಲ. ಮಾತನಾಡುವಾಗ ಎರಡೂ ಕೈ ಬೆನ್ನ ಹಿಂದೆ. ಓಡುವ ಯಂತ್ರಕ್ಕೆ ಬೆನ್ನು ತೋರಿಸಿ ನಿಂತವರಲ್ಲ. ಊಟಕ್ಕೆ ಕೂತರೂ ಬಾಗಿಲಿನಿಂದ ಯಂತ್ರಗಳು ಕಾಣುವ ಕಡೆಯೇ ಮುಖ. ಆಯುಧಪೂಜೆಯ ದಿನ ಹೆಂಗಸರು ಯಂತ್ರಗಳಿಗೆಲ್ಲ ಹೂವಿನ ಹಾರ ಹಾಕಿ, ಕುಂಬಳಕಾಯಿ ಒಡೆದು ಸಂಭ್ರಮಪಡುತ್ತಿದ್ದರೆ, ಇವರು ಹಿಂದಿನಿಂದ ಬಂದು ತಿರುಗುವ ಭಾಗಗಳ ಮೇಲಿದ್ದ ಹಾರಗಳನ್ನು ಒಂದೊಂದಾಗಿ ತೆಗೆದು, ಕಣ್ಣಿಗೊತ್ತಿಕೊಂಡು, ಗೋಡೆಯ ಮೊಳೆಗೆ ಸಿಕ್ಕಿಸುತ್ತಿದ್ದರು. "ದೇವ್ರು ಗೋಡೆ ಮೇಲೂ ಅವ್ನೆ ತಾಯಿ" ಎನ್ನುತ್ತಿದ್ದರು.

ಜನಕ್ಕೆ ಅವರೆಂದರೆ ಪ್ರೀತಿ ಇತ್ತೆಂದು ಹೇಳಲಾರೆ. ಬೇಸರವೇ ಹೆಚ್ಚು. ಅವರು ಬಂದರೆ ಕೆಲಸ ನಿಲ್ಲುತ್ತದೆ ಎಂಬ ಬೇಸರ. ಕೊಯಮತ್ತೂರಿನಲ್ಲಿ ಅವರ ಕಣ್ಣೆದುರೇ ಯಾರೋ ಸತ್ತಿರಬೇಕು, ತಮ್ಮನೋ ಮಗನೋ ಇರಬೇಕು, ಇಲ್ಲದಿದ್ದರೆ ಮನುಷ್ಯ ಹೀಗೇಕೆ ಎಂದು ಕ್ಯಾಂಟೀನಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ಒಂದು ದಿನ ನಾನು ತಡೆಯಲಾರದೆ ಕೇಳಿಯೇಬಿಟ್ಟೆ.

"ಅಲ್ಲೇನಾದ್ರೂ ಆಗಿತ್ತಾ ಸಾರ್?"

ಅವರು ನನ್ನನ್ನು ಬೆರಗಿನಿಂದ ನೋಡಿದರು. "ನಂಗೇನೂ ಆಗಿಲ್ಲ ಕಣಮ್ಮ. ಏನಾರ ಆದ್ಮೇಲೇ ಬುದ್ಧಿ ಬರ್ಬೇಕಾ?"

ಅವರ ಚೀಲದಲ್ಲಿ ಸದಾ ಒಂದು ಮರದ ಕೈ ಇರುತ್ತಿತ್ತು. ಭೀಮನಬೀಡಿನ ಬಡಗಿಯೊಬ್ಬರಿಂದ ಮಾಡಿಸಿದ್ದು. ಮೊಣಕೈಯಿಂದ ಬೆರಳ ತುದಿವರೆಗೆ ಇದ್ದ ಆ ಕೈಯನ್ನು ಯಂತ್ರದ ಕಂಡಿಗಳಿಗೆ ತೂರಿಸಿ, ಒಳಗಿನ ಹಲ್ಲಿಗೆ ಎಟುಕುತ್ತದೆಯೇ ಎಂದು ನೋಡುತ್ತಿದ್ದರು. ಮೊದಲು ಮಾಡಿಸಿದ್ದು ಗಂಡಸಿನ ಕೈಯಷ್ಟು ದಪ್ಪವಿತ್ತು. ಒಂದು ವಾರದಲ್ಲೇ ಅದನ್ನು ಬಿಟ್ಟು, "ಇಲ್ಲಿ ಕೆಲ್ಸ ಮಾಡೋರು ಎಣ್ಮಕ್ಕಳು. ಅವರ ಕೈ ಸಣ್ಣ, ಗಂಡಸ್ರ ಕೈ ಓಗ್ದಿದ್ ಕಡೇಲೂ ಓಯ್ತದೆ" ಎಂದು ನನ್ನನ್ನೂ ಇನ್ನಿಬ್ಬರನ್ನೂ ಕೇಳಿ, ಟೇಪಿನಲ್ಲಿ ನಮ್ಮ ಕೈಯ ಸುತ್ತಳತೆ ತೆಗೆದು ಹೊಸದೊಂದನ್ನು ಮಾಡಿಸಿದರು.

ಅಳತೆ ಕೊಟ್ಟವರಲ್ಲಿ ಗೌರಮ್ಮನೂ ಒಬ್ಬಳು. ಭೀಮನಬೀಡಿನವಳು. ನನ್ನ ತಾಯಿಯ ಊರೂ ಅದೇ ಆದ್ದರಿಂದ ನನ್ನನ್ನು ಎಲ್ಲರೆದುರು 'ಮೇಡಮ್ಮು' ಎಂದರೂ ಇಬ್ಬರೇ ಇದ್ದಾಗ 'ಅಮ್ಮಿ' ಎನ್ನುತ್ತಿದ್ದಳು. ನಲವತ್ತರ ಹತ್ತಿರದ ಗಟ್ಟಿ ಹೆಂಗಸು. ಊಟದ ಬಿಡುವಿನಲ್ಲೂ ಸುಮ್ಮನೆ ಕೂರದೆ ಹೂ ಕಟ್ಟುತ್ತಿದ್ದಳು. ಹೊಸ ಮರದ ಕೈ ಬಂದ ದಿನ ತನ್ನ ಗಾಜಿನ ಬಳೆ ಒಂದನ್ನು ತೆಗೆದು ಅದಕ್ಕೆ ತೊಡಿಸಿ, "ಬೋಳುಗೈ ಇರ್ಬಾರ್ದು ಸಾ, ಎಣ್ಮಗಳು" ಎಂದಳು. ಅವರು ನಕ್ಕದ್ದನ್ನು ನಾನು ಕಂಡದ್ದು ಆಗಲೇ. ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಾಚಿದವರಂತೆ ನಕ್ಕರು.

ಆ ಮರದ ಕೈ ಮುರಿದದ್ದು ಚೆಂಡುಹೂ ಹಿಂಡುವ ಹೊಸ ಯಂತ್ರದಲ್ಲಿ. ಮೇಲಿನ ಅಗಲ ಬಾಯಿಗೆ ಹೂ ಸುರಿದರೆ, ಕೆಳಗೆ ಕಬ್ಬಿಣದ ತಿರುಪು ಅದನ್ನು ಹಿಂಡಿ ಮುಂದೆ ತಳ್ಳುತ್ತಿತ್ತು. ಒದ್ದೆ ಹೂ ಬಾಯಲ್ಲಿ ಮೇಲಿಂದ ಮೇಲೆ ಕಟ್ಟಿಕೊಳ್ಳುತ್ತಿತ್ತು. ಹೆಂಗಸರು ಕೈ ಹಾಕಿ ತಳ್ಳುತ್ತಿದ್ದರು. ಇವರು ಮಾಲೀಕರನ್ನು ಕರೆಸಿ, ಅವರೆದುರಿಗೇ ಮರದ ಕೈಯನ್ನು ಆ ಬಾಯೊಳಗೆ ಇಳಿಬಿಟ್ಟರು. 'ಚಟ್' ಎಂದು ಸದ್ದಾಯಿತು. ಅವರ ಹಿಡಿತದಲ್ಲಿ ಉಳಿದದ್ದು ಒಂದು ಗೇಣು ತುಂಡು. ಮಾಲೀಕರು ಮುಖ ಒರೆಸಿಕೊಂಡು, "ಆಯ್ತು, ಏನು ಬೇಕೋ ಹಾಕ್ಸಿ" ಎಂದು ಹೊರಟುಹೋದರು.

ಬಾಯಿಗೆ ಮುಚ್ಚಳ ಬಂತು. ಮುಚ್ಚಳ ತೆಗೆದ ಕೂಡಲೇ ಕರೆಂಟು ಕಡಿದು ಯಂತ್ರ ನಿಲ್ಲುವಂತೆ ಅಂಚಿನಲ್ಲಿ ಒಂದು ಸಣ್ಣ ಸ್ವಿಚ್ಚನ್ನೂ ಕೂರಿಸಿದರು. ಮುಚ್ಚಳ ಕುಳಿತು ಸ್ವಿಚ್ಚನ್ನು ಒತ್ತಿದರೆ ಮಾತ್ರ ಯಂತ್ರ ಓಡುತ್ತಿತ್ತು. ಆದರೆ ಹೂ ಕಟ್ಟಿಕೊಳ್ಳುವುದು ತಪ್ಪಲಿಲ್ಲ. ಪ್ರತಿ ಸಲವೂ ಮುಚ್ಚಳ ತೆಗೆ, ಯಂತ್ರ ನಿಲ್ಲಿಸು, ಹೂ ತಳ್ಳು, ಮತ್ತೆ ಚಾಲೂ ಮಾಡು. ಅಂಗಳದಲ್ಲಿ ಲಾರಿಗಳು ಸಾಲುಗಟ್ಟಿದವು. ಹುಳಿತ ಹೂವಿನ ವಾಸನೆ ಗುಂಡ್ಲುಪೇಟೆಯ ಪೇಟೆಬೀದಿಗೂ ಬರತೊಡಗಿತು. ಒಂದು ಬೆಳಿಗ್ಗೆ ಇವರು ನೋಡುತ್ತಾರೆ, ಸೂಪರ್‌ವೈಸರ್ ಸ್ವಿಚ್ಚನ್ನು ತಂತಿಯಿಂದ ಬಿಗಿದು ಕಟ್ಟಿದ್ದಾನೆ. ಮುಚ್ಚಳ ತೆಗೆದರೂ ಯಂತ್ರ ಓಡುತ್ತಿದೆ.

"ನಿರುತ್ತು!"

ತಂತಿಯನ್ನು ಕತ್ತರಿಸಿ ಕೈಯಲ್ಲಿ ಹಿಡಿದು ಹೆಂಗಸರ ಮುಂದೆ ನಿಂತರು. ಬೈಯುತ್ತಾರೆಂದುಕೊಂಡೆವು. "ಯಾಕ್ರವ್ವ, ಇವ್ನು ಕಟ್ಟಿದ್ರೆ ನೀವಾರ ಬ್ಯಾಡ ಅನ್ಬಾರ್ದಾ?" ಎಂದು ಮೆಲ್ಲಗೆ ಕೇಳಿದರು.

ಗೌರಮ್ಮ ತಲೆ ಬಗ್ಗಿಸಿಯೇ ಹೇಳಿದಳು. "ಲೋಡು ಮುಗೀದೆ ಗೇಟು ಬುಡಕಿಲ್ಲ ಸಾ. ಸಂಜೆ ಬಸ್ಸು ತಪ್ಪೋದ್ರೆ ಊರ್ಗಂಟ ನಡೀಬೇಕು. ಮನೇಲಿ ಒಲೆ ಅಚ್ಚೋರು ಯಾರು?"

ಸಂಜೆ ಅವರು ಟೈಮ್ ಆಫೀಸಿಗೆ ಬಂದು ಸ್ಟೂಲಿನ ಮೇಲೆ ಕೂತು, "ಇದು ನನ್ ತಪ್ಪು ಕಣಮ್ಮ. ಕೆಲ್ಸಕ್ಕೆ ಅಡ್ಡ ಬರೋ ಕಾವಲನ್ನ ಜನ ಕಟ್ಟಾಕ್ತಾರೆ. ಕಟ್ಟಾಕೋ ಅಗತ್ಯಾನೇ ಇಲ್ದಂಗೆ ಮಾಡ್ಬೇಕಿತ್ತು ನಾನು" ಎಂದರು. ಯಂತ್ರದ ಬಾಯನ್ನೇ ಬದಲಾಯಿಸಬೇಕು, ಕಡಿದಾದ ಉದ್ದನೆ ದೋಣಿಯಂಥದ್ದು ಕೂರಿಸಿದರೆ ಹೂ ತಾನೇ ಜಾರಿ ಒಳಗೆ ಬೀಳುತ್ತದೆ, ಕೈ ಹಾಕುವ ಮಾತೇ ಇರುವುದಿಲ್ಲ ಎಂದು ಮಾಲೀಕರಿಗೆ ವಿವರಿಸಿದರು. ಅಲ್ಲಿಯವರೆಗೆ ಯಂತ್ರ ಓಡಿಸುವುದು ಬೇಡವೆಂದರು.

"ಹೂವು ಕಾಯಲ್ಲ ಕಣ್ರೀ. ಸೀಸನ್ ಮುಗೀಲಿ, ನೀವ್ ಹೇಳ್ದಂಗೇ ಮಾಡ್ಸೋಣ" ಎಂದರು ಮಾಲೀಕರು. ಇವರು ಬಿಡಲಿಲ್ಲ. ಮತ್ತೆ ಹೋದರು, ಮತ್ತೆ ಹೇಳಿದರು. ಕೊನೆಗೆ, ಸೀಸನ್ ಮುಗಿಯುವ ತನಕ ಚಾಮರಾಜನಗರದ ಗ್ರಾನೈಟ್ ಫ್ಯಾಕ್ಟರಿಯ ಕ್ರೇನು ನೋಡಿಕೊಳ್ಳಿ ಎಂದು ಅವರನ್ನು ಅಲ್ಲಿಗೆ ಕಳಿಸಲಾಯಿತು.

ಆಮೇಲಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಒಂದು ಮಧ್ಯಾಹ್ನ ಇಳಿಹೊತ್ತಿನಲ್ಲಿ ಒಳಗಿನಿಂದ ಯಾರೋ "ನಿರುತ್ತು! ನಿರುತ್ತು!" ಎಂದು ಕಿರುಚಿದರು. ಅದು ಹೆಂಗಸಿನ ದನಿ. ನಾನು ಔಷಧದ ಪೆಟ್ಟಿಗೆ ಹಿಡಿದು ಓಡಿದೆ. ನನ್ನ ಪೆಟ್ಟಿಗೆಯಲ್ಲಿದ್ದ ಯಾವುದೂ ಅಲ್ಲಿ ಉಪಯೋಗಕ್ಕೆ ಬರುವಂತಿರಲಿಲ್ಲ. ಗೌರಮ್ಮನ ಬಲಗೈ ಮೊಣಕೈವರೆಗೆ ಹೋಗಿತ್ತು. ಅವಳು ಅಳುತ್ತಿರಲಿಲ್ಲ. ಎಚ್ಚರ ತಪ್ಪುವ ಮುಂಚೆ ನನ್ನನ್ನು ನೋಡಿ, "ಬಸ್ಸು ಓಯ್ತಾ ಅಮ್ಮಿ?" ಎಂದು ಕೇಳಿದಳು.

ಅವರು ಸುದ್ದಿ ತಿಳಿದ ಕೂಡಲೇ ಚಾಮರಾಜನಗರದಿಂದ ಬಂದರು. ಅಷ್ಟರಲ್ಲಿ ಗೌರಮ್ಮನನ್ನು ಮೈಸೂರಿಗೆ ಸಾಗಿಸಿದ್ದರು. ಯಂತ್ರವನ್ನು ತೊಳೆದಿರಲಿಲ್ಲ. ಅವರು ಸ್ವಿಚ್ಚಿನ ಹತ್ತಿರ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು. ಈ ಸಲ ಕಟ್ಟಿದ್ದದ್ದು ತಂತಿಯಲ್ಲ, ಗೋಣಿಚೀಲ ಹೊಲಿಯುವ ದಾರ. ಅದನ್ನು ನಾನೂ ನೋಡಿದೆ. ಅವರು ಬಿಚ್ಚಲಿಲ್ಲ. ಬೆಳಗಾಗುವಷ್ಟರಲ್ಲಿ ಅದು ಅಲ್ಲಿರಲಿಲ್ಲ. ತೆಗೆದವರು ಯಾರೆಂದು ಯಾರೂ ಕೇಳಲಿಲ್ಲ.

ವಿಚಾರಣೆಗೆ ಅಧಿಕಾರಿಯೊಬ್ಬರು ಬಂದರು. ಅವತ್ತಿನ ಹಾಜರಿ ತೋರಿಸಲು ನನ್ನನ್ನೂ ಮಾಲೀಕರ ಕೋಣೆಗೆ ಕರೆದಿದ್ದರು. ಕೆಲಸಗಾರ್ತಿಯ ಅಜಾಗರೂಕತೆ ಎಂದು ಇವರ ಬಾಯಿಂದ ಬರಲಿ ಎಂಬುದು ಮಾಲೀಕರ ಆಸೆ. ಹಿಂದಿನ ದಿನ ಅದನ್ನು ಅವರಿಗೆ ಹೇಳಿಯೂ ಇದ್ದರು. ಇವರು ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತೇ ಹೇಳಿದರು.

"ಎರಡ್ ಮಾತು ಏಳ್ತೀನಿ ಸಾರ್. ಆ ಸ್ವಿಚ್ಚು ಆಕ್ಸಿದ್ದು ನಾನು. ಒಂದ್ ತುಂಡು ದಾರದಲ್ಲಿ ಅದ್ನ ಏಮಾರಿಸ್ಬೋದಿತ್ತು. ಅದು ನನ್ ತಪ್ಪು. ಇನ್ನೊಂದು ಮಾತು, ಬಾಯಿ ಬದಲಾಯಿಸೋಗಂಟ ಇದ್ನ ಓಡಿಸ್ಬ್ಯಾಡಿ ಅಂತ ಇವ್ರಿಗೆ ಮತ್ತೆ ಮತ್ತೆ ಏಳಿದ್ದೆ. ಓಡ್ಸುದ್ರು."

"ಕಟ್ಟಿದ್ದು ಯಾರು?" ಎಂದರು ಅಧಿಕಾರಿ.

"ಯಾರ್ ಬೇಕಾದ್ರೂ ಕಟ್ಬೋದಾಗಿತ್ತು ಸಾರ್. ಅದೇ ತಪ್ಪು."

ಅವರು ಹೇಳಿದ್ದು ಎರಡು ಮಾತು. ಬರೆದುಕೊಂಡದ್ದು ಮೊದಲನೆಯದನ್ನು ಮಾತ್ರ. ಸುರಕ್ಷತೆಯ ಹೊಣೆ ಹೊತ್ತ ಎಂಜಿನಿಯರೇ ತಪ್ಪು ಒಪ್ಪಿಕೊಂಡ ಮೇಲೆ ಇನ್ನೇನಿದೆ? ಆ ವಾರವೇ ಅವರನ್ನು ಕೆಲಸದಿಂದ ತೆಗೆದರು. ಚೀಲ ಹೆಗಲಿಗೆ ಹಾಕಿಕೊಂಡು ಗೇಟಿನ ಹತ್ತಿರ ಬಂದವರು, ಗೇಟ್ ಪಾಸಿಗೆ ನನ್ನ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತರು. ನಿಮಗೇಕೆ ಪಾಸು ಸಾರ್ ಎಂದೆ. "ಎಲ್ರಿಗೂ ಒಂದೇ ನಿಯಮ ಕಣಮ್ಮ" ಎಂದು ಚೀಟಿ ಇಸಿದುಕೊಂಡು ಹೋದರು.

ಮುಂದಿನ ಸೀಸನ್ನಿಗೆ ಆ ಯಂತ್ರಕ್ಕೆ ಅವರು ಹೇಳಿದ ಹಾಗೆಯೇ ಉದ್ದನೆಯ ದೋಣಿಬಾಯಿ ಬಂತು. ಹೂ ತಾನಾಗಿ ಜಾರಿ ಬೀಳುತ್ತಿತ್ತು. ಇದು ಯಾರ ಯೋಚನೆ ಎಂದು ಹೊಸದಾಗಿ ಸೇರಿದವರಿಗೆ ತಿಳಿಯಲಿಲ್ಲ. ಹೇಳುವ ಮನಸ್ಸೂ ಯಾರಿಗೂ ಇರಲಿಲ್ಲ.

ಗೌರಮ್ಮ ಊರಿಗೆ ಮರಳಿದ ಮೇಲೆ ನಾನು ಆಗಾಗ ಹೋಗುತ್ತಿದ್ದೆ. ಒಂದು ಭಾನುವಾರ ಹೋದಾಗ ಅವರು ಅವಳ ಅಡುಗೆಮನೆಯಲ್ಲಿದ್ದರು. ಒಂಟಿ ಕೈಯಲ್ಲಿ ಮುದ್ದೆ ತಿರುವಲು ಆಗುವುದಿಲ್ಲ, ಪಾತ್ರೆ ಕೋಲಿನ ಜೊತೆಗೇ ಸುತ್ತುತ್ತದೆ. ಅದಕ್ಕೆ ಒಲೆಯ ಪಕ್ಕದ ನೆಲಕ್ಕೆ ಕಬ್ಬಿಣದ ಬಳೆಯೊಂದನ್ನು ಹೂತು, ಪಾತ್ರೆ ಅದರಲ್ಲಿ ಅಲುಗದೆ ಕೂರುವಂತೆ ಮಾಡುತ್ತಿದ್ದರು. ಗೌರಮ್ಮ ಬಾಗಿಲಿಗೆ ಒರಗಿ, ಸೆರಗಿನಲ್ಲಿ ತೋಳು ಮುಚ್ಚಿಕೊಂಡು ನೋಡುತ್ತಿದ್ದಳು. ಮುಖ ಗಂಟಿಕ್ಕಿತ್ತು. ಅವರು ಬಂದಾಗಿನಿಂದ ಅವಳು ಒಂದು ಮಾತೂ ಆಡಿರಲಿಲ್ಲವಂತೆ.

ಅವರು ಕೆಲಸ ಮುಗಿಸಿ ಎದ್ದಾಗ ಅವಳು ಒಮ್ಮೆಲೇ, "ಆ ದಾರ ಕಟ್ಟಿದ್ದು ನಾನೇ ಸಾ" ಎಂದಳು.

"ಗೊತ್ತು ತಾಯಿ. ಹೂ ಕಟ್ಟೋ ಗಂಟು ಅದು. ಆ ಮೆಷಿನ್ ತಾವ ಇದ್ದೋರಲ್ಲಿ ಅಂಗ್ ಗಂಟು ಆಕೋಳು ನೀನೊಬ್ಳೇ."

"ಮತ್ತ್ಯಾಕೆ ಏಳ್ನಿಲ್ಲ? ಏಳಿದ್ರೆ ನಿಮ್ ಕೆಲ್ಸ ಉಳೀತಿತ್ತು."

ಅವರು ಕೈಗಂಟಿದ ಸಿಮೆಂಟನ್ನು ಒರೆಸಿಕೊಳ್ಳುತ್ತ ಹೇಳಿದರು. "ಕಟ್ದೋಳು ಯಾರು ಅಂತ ಬರ್ಕೊಂಡಿರೋರು. ಯಾಕ್ ಕಟ್ಟುದ್ಲು ಅಂತ ಬರ್ಕೊಂತಿರ್ನಿಲ್ಲ."

ಗೌರಮ್ಮ ಸೆರಗನ್ನು ತೋಳಿನ ಮೇಲೆ ಇನ್ನಷ್ಟು ಎಳೆದುಕೊಂಡು, "ಆವತ್ತು ನೀವಿದ್ದಿದ್ರೆ ನಿಲ್ಲಿಸ್ತಿದ್ರಾ?" ಎಂದಳು.

"ಆವತ್ತು ನಿಲ್ಲಿಸ್ತಿದ್ದೆ. ಮಾರ್ನೆ ದಿನಕ್ಕೆ ಗೊತ್ತಿಲ್ಲ" ಎಂದರು. ಅವಳನ್ನು ಸಮಾಧಾನಪಡಿಸುವ ಒಂದು ಸುಳ್ಳನ್ನೂ ಅವರು ಆಡಲಿಲ್ಲ. ಬೇಕಿದ್ದರೆ ಆಡಬಹುದಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ನಾನು ಅವರನ್ನು ಕಡೆಯ ಸಲ ಕಂಡದ್ದು ಗುಂಡ್ಲುಪೇಟೆಯ ಬಸ್ ನಿಲ್ದಾಣದ ಎದುರು, ಕಬ್ಬಿನ ಹಾಲಿನ ಅಂಗಡಿಯ ಬಳಿ. ತುಂಬ ಇಳಿದುಹೋಗಿದ್ದರು. ಅಂಗಡಿಯವನು ಊಟಿಗೆ ಹೋಗುವ ಪ್ರವಾಸಿಗಳಿಗೆ ಲೋಟ ತುಂಬಿಸುವ ಅವಸರದಲ್ಲಿ ಕಬ್ಬನ್ನು ಮಡಿಸಿ ಮಡಿಸಿ ಗಾಣದ ಉರುಳೆಗಳ ನಡುವೆ ಒತ್ತುತ್ತಿದ್ದ. ಇವರು ಅವನ ಬೆರಳುಗಳನ್ನೇ ನೋಡುತ್ತ ನಿಂತಿದ್ದರು.

"ಒಂದ್ ಗೇಣು ಬುಟ್ಟು ಹಿಡ್ಕೊಳಪ್ಪ" ಎಂದರು.

"ಕುಡಿಯಂಗಿದ್ರೆ ಕುಡೀರಿ, ಇಲ್ದಿದ್ರೆ ಆ ಕಡೆ ನಿಂತ್ಕಳಿ ಯಜಮಾನ್ರೆ. ಯಾಪಾರದ ಒತ್ತಲ್ಲಿ!" ಎಂದ ಅವನು.

ಇವರು ಸರಿದು ನಿಂತರು. ನಾನು ಮಾತನಾಡಿಸಿದೆ. ನನ್ನ ಗುರುತು ಹಿಡಿದು ಮಗಳ ವಿಷಯ, ಕಾಡಂಚಿನ ಮನೆಗೆ ಆನೆ ಬಂದ ವಿಷಯ ಹೇಳಿದರು. ಆದರೆ ಕಣ್ಣು ಮಾತ್ರ ಆ ಅಂಗಡಿಯವನ ಕೈಯ ಮೇಲೆಯೇ ಇತ್ತು. ನನ್ನ ಬಸ್ಸು ಬಂತು. ಕಿಟಕಿಯಿಂದ ನೋಡಿದರೆ ಇನ್ನೂ ಅಲ್ಲೇ ನಿಂತಿದ್ದರು.

ಎಲೆಕ್ಟ್ರಿಷಿಯನ್ ಸುದ್ದಿ ಹೇಳಿದ ಮರುದಿನ ನಾನು ಭೀಮನಬೀಡಿಗೆ ಹೋಗಿ ಗೌರಮ್ಮನಿಗೆ ತಿಳಿಸಿದೆ. ಅವಳು ಮೊರದಲ್ಲಿದ್ದ ಕಾಳನ್ನು ಹಾಗೆಯೇ ಬಿಟ್ಟು ಕೂತಳು. "ನನ್ ಮನೇಲಿ ಅಷ್ಟೊತ್ತು ಕೆಲ್ಸ ಮಾಡುದ್ರು. ಕುಂತ್ಕಳಿ ಅನ್ನಿಲ್ಲ. ಒಂದ್ ಲೋಟ ನೀರೂ ಕೊಡ್ನಿಲ್ಲ ಕಣಮ್ಮಿ" ಎಂದಳು. ಆಮೇಲೆ ಎದ್ದು ಸೀರೆ ಬದಲಾಯಿಸಿಕೊಂಡು ಬಂದು, "ನಡಿ, ಓಗನ" ಎಂದಳು.

ಚಾಮರಾಜನಗರದಲ್ಲಿ ಬಸ್ಸು ಬದಲಿಸಿ ಪುಣಜನೂರಿನಲ್ಲಿ ಇಳಿದು, ಕೇಳಿಕೊಂಡು ಮನೆ ಹುಡುಕಿದೆವು. ಮಗಳು ಶಾಲೆಯಲ್ಲಿ ಟೀಚರು. ಅಪ್ಪನಂತೆಯೇ ಅಳೆದು ಮಾತಾಡುವವಳು. ಎದೆನೋವೆಂದು ಆಸ್ಪತ್ರೆಗೆ ಒಯ್ಯುವ ದಾರಿಯಲ್ಲೇ ಹೋದರಂತೆ. ಫ್ಯಾಕ್ಟರಿಗಳ ಕಡೆಯಿಂದ ಯಾರೂ ಬರಲಿಲ್ಲ, ನೀವಿಬ್ಬರೇ ಎಂದಳು.

"ಕಡೆವರೆಗೂ ಒಂದೇ ಮಾತು, ನಾನ್ ಸರಿಯಾಗಿ ಮಾಡ್ಲಿಲ್ಲ ಅಂತ. ನಮ್ಮಪ್ಪನಿಂದ ಯಾರಿಗಾದ್ರೂ ಒಳ್ಳೇದಾಗಿದ್ಯಾ ಮೇಡಂ? ಸುಮ್ನೆ ತಿಳ್ಕೊಳೋಣ ಅಂತ ಕೇಳ್ತಿದೀನಿ."

ಕೇಳಿದ್ದು ನನ್ನನ್ನು. ಏನು ಹೇಳಲಿ? ಕೈ ಉಳಿಸಿಕೊಂಡವರು ತಮ್ಮ ಕೈ ಉಳಿಯಿತೆಂದು ತಿಳಿದು ಬದುಕುತ್ತಾರೆಯೇ? ಸಾಕ್ಷಿಗೆ ಯಾರನ್ನು ಕರೆತರಲಿ? ಅಷ್ಟರಲ್ಲಿ ಗೌರಮ್ಮ ಸೆರಗು ಸರಿಸಿ, ಇಲ್ಲದ ಕೈಯನ್ನು ಹೊರಗೆ ತೆಗೆದಳು.

"ಇದೊಂದ್ ಓಯ್ತು ಕಣವ್ವ. ಅವ್ರಿದ್ದಷ್ಟ್ ಕಾಲ್ವೂ ಅಲ್ಲಿ ಓಗಿದ್ದು ಇದೊಂದೇಯ. ಮಿಕ್ಕೋರ್ ಕೈಯೆಲ್ಲ ಅವೆ" ಎಂದಳು.

ಮಗಳು ಆ ತೋಳನ್ನು ನೋಡಿದಳು. ಅವಳಿಗೆ ಸಮಾಧಾನವಾಯಿತೋ, ಸಂಕಟ ಹೆಚ್ಚಾಯಿತೋ ನನಗೆ ತಿಳಿಯಲಿಲ್ಲ. ಒಳಗೆ ಹೋಗಿ ಎಲೆ ಹಾಕಿದಳು.

ಬಲಗೈ ಹೋದಾಗಿನಿಂದ ಗೌರಮ್ಮ ಪರರ ಮನೆಯಲ್ಲಿ ಉಂಡವಳಲ್ಲ. ಎಡಗೈಯಲ್ಲಿ ಅನ್ನ ಕಲಸುವುದನ್ನು ಜನ ನೋಡುತ್ತಾರೆಂದು ಮದುವೆ ಮನೆಗಳಿಂದಲೂ ಉಪವಾಸ ಬರುತ್ತಿದ್ದಳು. ಇಲ್ಲೂ ಬೇಡವೆನ್ನುತ್ತಾಳೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಎಲೆಯ ಮುಂದೆ ಕೂತಿದ್ದಳು. ಮಗಳು ಬಡಿಸಿದಳು. ಗೌರಮ್ಮ ಎಡಗೈಯಲ್ಲಿ ನಿಧಾನವಾಗಿ ಕಲಸಿಕೊಂಡು, ತಲೆಯೆತ್ತದೆ, ಎಲೆಯಲ್ಲಿ ಒಂದಗುಳೂ ಬಿಡದೆ ಉಂಡಳು.